ಕೂಸು ಮಲಗಿಸಿದ ಕಥೆ

ಆದೋನಿ ಕೋಟೆಯ ಚರಿತ್ರೆ ಬರೆದವರು ಬಹಳ ಮಂದಿ. ಕೂಸಿನ ನಿದ್ದೆಗೂ ತಾಯಿಯ ಕೂಲಿಗೂ ಇರುವ ನಂಟನ್ನು ಯಾರೂ ಬರೆದದ್ದು ನಾನು ಕಂಡಿಲ್ಲ.

1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗದಂತಾದಾಗ ನಮ್ಮ ಹತ್ತಿಗೆ ಬೆಲೆ ಬಂತು. ಆಗ ನಾವು ಬಳ್ಳಾರಿ ಜಿಲ್ಲೆಯವರು. ಆಂಧ್ರಕ್ಕೆ ಸೇರಿದ್ದು 1953ರಲ್ಲಿ. 1871ರ ಹೊತ್ತಿಗೆ ರೈಲು ರಾಯಚೂರು ಮುಟ್ಟಿತು, ಆಮೇಲೆ ಊರಿಗೆ ಜಿನ್ನುಗಳು ಬಂದವು. ಹೊಲದಲ್ಲಾದರೆ ಗಿಡಕ್ಕೆ ಹಳೇ ಸೀರೆಯ ಜೋಲಿ ಕಟ್ಟಿ, ಕೂಸು ಅತ್ತಾಗ ಹೋಗಿ ಮೊಲೆ ಕೊಡಬಹುದು. ಯಂತ್ರದ ಮುಂದೆ ಅದು ನಡೆಯದು. ಬಿಡುವಿನ ಗಂಟೆ ಹೊಡೆಯೋ ತನಕ ಕೂಸು ಮಲಗೇ ಇರಬೇಕು.

ಮುಂಬಯಿಯ ಬಟ್ಟೆ ಗಿರಣಿಗಳ ಹೆಂಗಸರು ಅದಕ್ಕೆ ಅಫೀಮು ಬೆರೆಸಿದ ‘ಬಾಲಗೋಲಿ’ ನುಂಗಿಸುತ್ತಿದ್ದರು. ಕಾರ್ಮಿಕರ ಸ್ಥಿತಿ ವಿಚಾರಿಸಿದ ರಾಯಲ್ ಕಮಿಷನ್ 1931ರ ವರದಿಯಲ್ಲಿ ಈ ರೂಢಿಯ ಮಾತೆತ್ತಿತು. ಅಫೀಮಿನ ಕೂಸು ಅಳುವುದಿಲ್ಲ, ಹಸಿವೆಯನ್ನೂ ಹೇಳುವುದಿಲ್ಲ. ಸೊರಗುತ್ತದೆ, ಪ್ರಮಾಣ ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ಅದನ್ನು ನಿದ್ದೆ ಅನ್ನೋದು ಹ್ಯಾಗೆ?

ಜಿನ್ನಿಗೆ ಹೋಗುತ್ತಿದ್ದ ನಮ್ಮಜ್ಜಿಯನ್ನು ಒಮ್ಮೆ ಕೇಳಿದ್ದೆ, ‘ನೀವೂ ಹಾಕ್ತಿದ್ರೇನು?’ ಅಂತ. ‘ಹಾಕಿದ್ವೋ ಇಲ್ಲೋ ಕೇಳಬ್ಯಾಡಪ್ಪಾ. ಕೂಸು ಮಲಗಬೇಕಿತ್ತು, ಅಷ್ಟೆ’ ಅಂದಳು. ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ.

1948ರ ಕಾರ್ಖಾನೆ ಕಾಯ್ದೆ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಲೇಬೇಕೆಂದಿತು. ಆಮೇಲೆ ಅದು 30ಕ್ಕೆ ಇಳಿಯಿತು. ಒಳ್ಳೇದೇ. ಆದರೆ ಹೊಲ ಕಾರ್ಖಾನೆಯಲ್ಲವಲ್ಲ! ಕೋಸಿಗಿ, ಕೌತಾಳಂ ಕಡೆಯಿಂದ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಗುಳೇ ಹೋಗುವವರ ಕೂಸುಗಳಿಗೆ ಯಾವ ಕೋಣೆ? ಗುಡಾರದಲ್ಲಿ ನಸುಕಿಗೇ ಎಬ್ಬಿಸುತ್ತಾರೆ, ಹಗಲು ಕಾಯಿಯ ಘಾಟಿನಲ್ಲಿ ಮಲಗಿಸುತ್ತಾರೆ.

ಒಂದೆರಡು ವರ್ಷದ ಮಗುವಿಗೆ ಹಗಲ ನಿದ್ದೆ ಸೇರಿ ದಿನಕ್ಕೆ 11ರಿಂದ 14 ತಾಸು ನಿದ್ದೆ ಬೇಕು, ಅದೂ ಹೊತ್ತಿಗೆ ಸರಿಯಾಗಿ, ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಶಾಲೆಯ ಗೋಡೆಗೆ ಬರೆಸಬಹುದಾದ ಮಾತು. ಅದನ್ನು ಗುಳೇ ಹೊರಟಿದ್ದ ಒಬ್ಬ ತಾಯಿಗೆ ಹೇಳಿದೆ. ಗಂಟು ಕಟ್ಟುತ್ತಲೇ ನಕ್ಕಳು. ಗಂಟಿನಲ್ಲಿ ಜೋಲಿಯ ಸೀರೆಯ ಜೊತೆ ನೆಗಡಿ ಔಷಧದ ಸೀಸೆ ಇತ್ತು. ‘ಕೂಸಿಗೆ ನೆಗಡಿಯಾಗೈತೇನಮ್ಮಾ?’ ಅಂದೆ.

‘ಇಲ್ಲ ಸಾರ್. ಕುಡಿಸಿದ್ರೆ ಮಲಗ್ತಾನೆ.’