ಇಂಗಾಲಾಮ್ಲ ವಾಯುವೂ ಭೂಮಿಯ ಉಷ್ಣವೂ: ಪ್ರಥಮ ಶೋಧಕರ ವಿಚಾರ

ವಾಯುಮಂಡಲದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಇಂಗಾಲಾಮ್ಲ ವಾಯುವು ಭೂಮಿಯ ಉಷ್ಣವನ್ನು ಹೆಚ್ಚಿಸಬಲ್ಲುದೆಂಬ ತತ್ತ್ವವನ್ನು ಮೊದಲು ಕಂಡವರು ಯಾರು? ಬಹುಕಾಲ ಈ ಪ್ರಶ್ನೆಗೆ ಜಾನ್ ಟಿಂಡಲ್ ಎಂಬ ಒಂದೇ ಉತ್ತರವಿದ್ದಿತು. 2011ರಲ್ಲಿ ರೇಮಂಡ್ ಸೊರೆನ್‌ಸನ್ ಎಂಬ ಭೂವಿಜ್ಞಾನಿಯು ಮರೆತುಹೋಗಿದ್ದ ಲೇಖನವೊಂದನ್ನು ಬೆಳಕಿಗೆ ತಂದ ಮೇಲೆ, ಯೂನಿಸ್ ನ್ಯೂಟನ್ ಫೂಟ್ ಎಂಬ ಅಮೆರಿಕದ ಮಹಿಳೆಯ ಹೆಸರು ಮುಂದೆ ಬಂದಿದೆ. ಇಬ್ಬರ ಬರಹಗಳನ್ನೂ ಒಟ್ಟಿಗಿಟ್ಟು ಪರಿಶೀಲಿಸಿದಲ್ಲದೆ ಈ ವಿವಾದವನ್ನು ನಿರ್ಣಯಿಸಲಾಗದು.

ಇವರಿಬ್ಬರಿಗೂ ಪೂರ್ವದಲ್ಲಿ, 1824ರಲ್ಲಿಯೇ, ಫ್ರಾನ್ಸ್ ದೇಶದ ಗಣಿತಜ್ಞನಾದ ಜೋಸೆಫ್ ಫೂರ್ಯೆಯು ಸೂರ್ಯನ ಬೆಳಕು ವಾಯುವನ್ನು ಸುಲಭವಾಗಿ ದಾಟಿ ಬರುವುದೆಂದೂ, ನೆಲದಿಂದ ಹೊರಡುವ ಅಗೋಚರವಾದ ಉಷ್ಣವು ಹಾಗೆ ದಾಟಿ ಹೋಗಲಾರದೆಂದೂ ಸೂಚಿಸಿದ್ದನು. ಆದರೆ ವಾಯುವಿನ ಯಾವ ಅಂಶವು ಈ ಕಾರ್ಯವನ್ನು ಮಾಡುವುದೆಂಬುದನ್ನು ಆತನು ತಿಳಿಸಲಿಲ್ಲ.

ಫೂಟಳ ಲೇಖನವು 1856ರ ಆಗಸ್ಟ್ ತಿಂಗಳಲ್ಲಿ ಆಲ್ಬನಿ ನಗರದ ವಿಜ್ಞಾನಿಗಳ ಸಮ್ಮೇಳನದಲ್ಲಿ ಓದಲ್ಪಟ್ಟಿತು. ಓದಿದವನು ಜೋಸೆಫ್ ಹೆನ್ರಿ. ಸಮ್ಮೇಳನದ ನಡವಳಿಗಳ ಸಂಪುಟದಲ್ಲಿ ಅದಕ್ಕೆ ಸ್ಥಳ ದೊರೆಯಲಿಲ್ಲವಾದರೂ, ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ವಿಜ್ಞಾನಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರ ಗಾತ್ರ ಎರಡೇ ಪುಟ. 30 ಅಂಗುಲ ಉದ್ದದ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ವಾಯುಗಳನ್ನು ತುಂಬಿ ಬಿಸಿಲಿನಲ್ಲಿಟ್ಟಾಗ, ಸಾಧಾರಣ ವಾಯುವಿನಲ್ಲಿ ಫಾರನ್‌ಹೀಟ್ 106 ಡಿಗ್ರಿಯಷ್ಟೂ ಇಂಗಾಲಾಮ್ಲದಲ್ಲಿ 125 ಡಿಗ್ರಿಯಷ್ಟೂ ಉಷ್ಣ ಕಂಡುಬಂದಿತು. ಇಷ್ಟರಿಂದಲೇ ಆಕೆಯು, ಪೂರ್ವಕಾಲದಲ್ಲಿ ಈ ವಾಯುವು ಹೆಚ್ಚಾಗಿದ್ದಿದ್ದರೆ ಭೂಮಿಯೂ ಹೆಚ್ಚು ಬಿಸಿಯಾಗಿರಬೇಕೆಂದು ತರ್ಕಿಸಿದಳು. ಇಂಗಾಲಾಮ್ಲದ ಪ್ರಮಾಣಕ್ಕೂ ಭೂಮಿಯ ಹವೆಗೂ ಸಂಬಂಧವನ್ನು ಪ್ರಯೋಗದ ಆಧಾರದಿಂದ ಹೇಳಿದವರಲ್ಲಿ ನಾವು ಬಲ್ಲಮಟ್ಟಿಗೆ ಈಕೆಯೇ ಮೊದಲಿಗಳು.

ಟಿಂಡಲನ ಪ್ರಯೋಗಗಳು ಲಂಡನ್ನಿನಲ್ಲಿ 1859ರಲ್ಲಿ ನಡೆದುವು. ಇಲ್ಲಿಯ ಭೇದವು ಗಾಜಿಗೂ ಕಲ್ಲುಪ್ಪಿಗೂ ಇರುವ ಭೇದವೆನ್ನಬಹುದು. ಗಾಜು ಅಗೋಚರವಾದ ಉಷ್ಣಕಿರಣಗಳನ್ನು ತಡೆಯುತ್ತದೆ, ಕಲ್ಲುಪ್ಪು ಬಿಡುತ್ತದೆ. ಟಿಂಡಲನು ತನ್ನ ಕೊಳವೆಯ ಎರಡು ತುದಿಗಳನ್ನೂ ಕಲ್ಲುಪ್ಪಿನ ಫಲಕಗಳಿಂದ ಮುಚ್ಚಿ, ಬಿಸಿಲಿಗೆ ಬದಲಾಗಿ ಕುದಿನೀರಿನ ಪಾತ್ರೆಯ ಉಷ್ಣವನ್ನು ಹಾಯಿಸಿ ಅಳೆದನು. ಆಮ್ಲಜನಕ ಸಾರಜನಕಗಳು ಅದನ್ನು ಬಹುಮಟ್ಟಿಗೆ ತಡೆಯಲಿಲ್ಲ. ನೀರಾವಿಯೂ ಇಂಗಾಲಾಮ್ಲವೂ ತಡೆದುವು. ಫೂರ್ಯೆಯ ಊಹೆಗೆ ಪ್ರಮಾಣ ದೊರೆತುದು ಇಲ್ಲಿ. ಫೂಟಳ ಗಾಜಿನ ಕೊಳವೆಯಲ್ಲಿ ಬಿಸಿಲಿನ ಉಷ್ಣವನ್ನೂ ನೆಲದ ಉಷ್ಣವನ್ನೂ ಬೇರ್ಪಡಿಸುವುದು ಸಾಧ್ಯವಿರಲಿಲ್ಲ.

ಟಿಂಡಲನು ಆಕೆಯ ಬರಹವನ್ನು ಕದ್ದನೆಂದು ಕೆಲವರು ಶಂಕಿಸುತ್ತಾರೆ. ಪೂಯಿಯೆಯ ಪ್ರಬಂಧವೊಂದನ್ನು ಬಿಟ್ಟರೆ ಈ ವಿಷಯದಲ್ಲಿ ಬೇರೇನೂ ಪ್ರಕಟವಾದುದನ್ನು ತಾನರಿಯೆನೆಂದು ಆತನು ಬರೆದಿರುವುದು ನಿಜ. ಆದರೆ ಹೆಸರೆತ್ತದಿರುವುದೊಂದರಿಂದಲೇ ಅಪಹರಣವನ್ನು ಸಾಧಿಸಲಾಗದು. ಗ್ರಂಥವಿಮರ್ಶೆಯಲ್ಲಿ ನಾವು ಒಪ್ಪದ ಹೇತುವನ್ನು ಇಲ್ಲಿ ಒಪ್ಪುವುದು ನ್ಯಾಯವಲ್ಲ. ಆದುದರಿಂದ ಸಂಬಂಧವನ್ನು ಮೊದಲು ಹೇಳಿದ ಕೀರ್ತಿ ಫೂಟಳದು, ಕಾರಣವನ್ನು ಸ್ಥಾಪಿಸಿದ ಕೀರ್ತಿ ಟಿಂಡಲನದು ಎಂದು ವಿಭಾಗಿಸುವುದೇ ಯುಕ್ತವೆಂದು ತೋರುತ್ತದೆ.

ಮುಂದಿನ ಕಥೆ ಸುವಿದಿತವಾದುದು. 1896ರಲ್ಲಿ ಸ್ವೀಡನ್ನಿನ ಅರ್ಹೇನಿಯಸನು ಇಂಗಾಲಾಮ್ಲವು ಇಮ್ಮಡಿಯಾದರೆ ಉಷ್ಣವು 5–6 ಸೆಂಟಿಗ್ರೇಡ್ ಡಿಗ್ರಿ ಏರುವುದೆಂದು ಗಣಿಸಿದನು; 1938ರಲ್ಲಿ ಕ್ಯಾಲೆಂಡರನು ಆ ಏರಿಕೆ ಆಗಲೇ ಆರಂಭವಾಗಿದೆಯೆಂದು ವಾದಿಸಿದನು. ಯಂತ್ರಯುಗಕ್ಕೆ ಮುಂಚೆ ಹತ್ತು ಲಕ್ಷ ಭಾಗ ವಾಯುವಿನಲ್ಲಿ ಸುಮಾರು 280 ಭಾಗವಿದ್ದ ಇಂಗಾಲಾಮ್ಲವು, ಕೀಲಿಂಗನು ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳೆಯತೊಡಗಿದ 1958ರಲ್ಲಿ ಸುಮಾರು 315 ಭಾಗವಾಗಿತ್ತು. 2024ರಲ್ಲಿ 420ನ್ನು ಮೀರಿತು. ಫೂಟಳು ಭೂಮಿಯ ಪೂರ್ವಚರಿತ್ರೆಯನ್ನು ಕುರಿತು ಹೇಳಿದ ಮಾತು ಈಗ ನಮ್ಮ ಕಾಲಕ್ಕೇ ಅನ್ವಯಿಸುತ್ತಿದೆ. ಎರಡು ಪುಟಗಳ ಲೇಖನವೊಂದು ನೂರೈವತ್ತು ವರ್ಷಗಳಿಗೂ ಮಿಕ್ಕಿ ಹೆಚ್ಚಿನವರ ಕಣ್ಣಿಗೆ ಬೀಳದೆ ಉಳಿದುದನ್ನು ನೆನೆದರೆ, ಹಳೆಯ ಸಂಚಿಕೆಗಳನ್ನು ಶೋಧಿಸುವ ಕೆಲಸವು ವ್ಯರ್ಥವಲ್ಲವೆಂದು ವಾಚಕರಿಗೆ ಬೇರೆ ಹೇಳಬೇಕಾದುದಿಲ್ಲ.