ಪಗಡಿ ಕೊಟ್ಟವರ ಮುಂಬಯಿ

ಮುಂಬಯಿಯ ಹಳೇ ಕಟ್ಟಡಗಳ ಬಾಡಿಗೆ ಎಷ್ಟಿರಬೇಕೆಂದು ಅರ್ಧ ಶತಮಾನ ತೀರ್ಮಾನಿಸಿದ್ದು ಪೇಟೆಯೂ ಅಲ್ಲ, ಮಾಲೀಕನೂ ಅಲ್ಲ. 1940ರ ಸೆಪ್ಟೆಂಬರ್ 1 ಎಂಬ ಒಂದು ತಾರೀಕು. ಆ ದಿನ ಒಂದು ಖೋಲಿಗೆ ಎಷ್ಟು ಬಾಡಿಗೆ ಇತ್ತೋ ಅದೇ ಅದರ ‘ಪ್ರಮಾಣಿತ ಬಾಡಿಗೆ’ ಎಂದಿತು 1947ರ ಬಾಡಿಗೆ ಕಾಯ್ದೆ. ಆಮೇಲೆ ಕಟ್ಟಿದ ಮನೆಗಾದರೆ ಮೊದಲ ಬಾಡಿಗೆದಾರ ಕೊಟ್ಟದ್ದೇ ಲೆಕ್ಕ. ತೆರಿಗೆ ಏರಿದಾಗ ಅಷ್ಟಿಷ್ಟು ಸೇರಿಸಿಕೊಳ್ಳಬಹುದಿತ್ತು, ಅಷ್ಟೇ.

ಬಾಡಿಗೆಗೆ ಮೂಗುದಾರ ಹಾಕುವುದು ಈ ನಗರಕ್ಕೆ ಹೊಸದಾಗಿರಲಿಲ್ಲ. ಮೊದಲ ಮಹಾಯುದ್ಧದ ಕೊನೆಗೆ, 1918ರಲ್ಲೇ ಇಂಥ ಕಾಯ್ದೆ ಬಂದಿತ್ತು. ಗಿರಣಿಗಳಿಗೆ ಜನ ಬರುತ್ತಲೇ ಇದ್ದರು, ಮನೆಗಳು ಸಾಲುತ್ತಿರಲಿಲ್ಲ. 1939ರಲ್ಲಿ, 1944ರಲ್ಲಿ ಮತ್ತೆರಡು ಕಾಯ್ದೆಗಳಾದವು. ದೇಶ ವಿಭಜನೆಯಾಗಿ ನಿರಾಶ್ರಿತರು ಬಂದಿಳಿದ ಹೊತ್ತಿನಲ್ಲಿ ರೂಪುಗೊಂಡ 1947ರ ಕಾಯ್ದೆಯೂ ತಾತ್ಕಾಲಿಕವೇ. ಅವಧಿ ಮುಗಿಯುತ್ತ ಬಂದಾಗಲೆಲ್ಲ ಶಾಸನಸಭೆ ಅದನ್ನು ಮುಂದಕ್ಕೆ ಹಾಕಿತು. ಮಾಲೀಕರಿಗಿಂತ ಬಾಡಿಗೆದಾರರ ವೋಟು ಹೆಚ್ಚು ಎಂಬುದು ಯಾವ ಪಕ್ಷಕ್ಕೂ ತಿಳಿಯದ ಸಂಗತಿಯಲ್ಲ.

ಬಾಡಿಗೆ ಏರಿಸುವ ಹಾಗಿಲ್ಲ, ಬಾಡಿಗೆದಾರನನ್ನು ಸುಲಭಕ್ಕೆ ಬಿಡಿಸುವ ಹಾಗೂ ಇಲ್ಲ. ಆಗ ನಗರ ಕಂಡುಕೊಂಡ ದಾರಿಯೇ ಪಗಡಿ. ಒಳಗೆ ಕಾಲಿಡುವಾಗಲೇ ಮಾಲೀಕನ ಕೈಗೆ ದೊಡ್ಡ ಮೊತ್ತದ ನಗದು. ಆಮೇಲೆ ತಿಂಗಳಿಗಿಷ್ಟು ಎಂಬ ಪುಡಿಗಾಸು. ರಶೀದಿಯಲ್ಲಿ ಕಾಣುವುದು ಪುಡಿಗಾಸು ಮಾತ್ರ. ಬಾಡಿಗೆದಾರ ಬಿಟ್ಟುಹೋಗುವಾಗ ಹೊಸಬನಿಂದ ತಾನೂ ಪಗಡಿ ಪಡೆಯುತ್ತಿದ್ದ, ಅದರಲ್ಲಿ ಮಾಲೀಕನಿಗೂ ಒಂದು ಪಾಲು, ಸಾಮಾನ್ಯವಾಗಿ ಮೂರನೇ ಒಂದು. ಕಾಯ್ದೆಯ ಪ್ರಕಾರ ಇದು ಜೈಲಿಗೆ ಹೋಗಬೇಕಾದ ಅಪರಾಧ. ಆದರೆ ದೂರು ಕೊಡುವವರು ಯಾರು? ಕೊಟ್ಟವನೂ ಒಂದು ದಿನ ತೆಗೆದುಕೊಳ್ಳಬೇಕಾದವನೇ. ಊರು ಬಿಟ್ಟು ಹೋಗಿ ಅಲ್ಲಿ ಹೋಟೆಲು, ಅಂಗಡಿ ಇಟ್ಟ ಕನ್ನಡಿಗರಿಗೂ ಇದು ದಿನಬಳಕೆಯ ವ್ಯವಹಾರವೇ ಆಗಿತ್ತು.

ನಿಜಕ್ಕೂ ಸೋತವನು ಕಾಯ್ದೆಯನ್ನು ಅಕ್ಷರಶಃ ಪಾಲಿಸಿದ ಮಾಲೀಕ. ಪಗಡಿ ಮುಟ್ಟದೆ, ರಶೀದಿಯ ಹಣವನ್ನಷ್ಟೇ ನಂಬಿದವನಿಗೆ ಸೋರುವ ಮಾಳಿಗೆ ಸರಿಪಡಿಸಲೂ ಅದು ಸಾಲುತ್ತಿರಲಿಲ್ಲ. ದುರಸ್ತಿ ನಿಂತಿತು, ಮಳೆಗಾಲ ಬಂತೆಂದರೆ ಕಟ್ಟಡ ಕುಸಿದ ಸುದ್ದಿ. ಕೊನೆಗೆ ಸರಕಾರವೇ 1969ರಲ್ಲಿ ಕಾಯ್ದೆ ಮಾಡಿ, ಸೆಸ್ ವಸೂಲು ಮಾಡಿ, ಮಂಡಳಿಯ ಮೂಲಕ ದುರಸ್ತಿಗೆ ಇಳಿಯಿತು. ಹೀಗೆ ಸೆಸ್ ಪಟ್ಟಿಗೆ ಸೇರಿದ ಕಟ್ಟಡಗಳು 19 ಸಾವಿರಕ್ಕೂ ಹೆಚ್ಚು. 1896ರಲ್ಲಿ ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳು ಭಾರತದಲ್ಲಿ ಮೊದಲು ತೆರೆ ಕಂಡ ವ್ಯಾಟ್ಸನ್ಸ್ ಹೋಟೆಲಿನ ಕಟ್ಟಡವೂ ಮುಂದೆ ಬಾಡಿಗೆಯ ಕೋಣೆಗಳಾಗಿ ಒಡೆದು ಶಿಥಿಲವಾಯಿತು. 2005ರಲ್ಲಿ ಅದರ ಮುಂಭಾಗದ ಒಂದು ಪಾಲು ಕುಸಿಯಿತು. ಅಲ್ಲಿನ ಬಾಡಿಗೆದಾರರಲ್ಲಿ ವಕೀಲರು ಬಹಳ ಮಂದಿ ಇದ್ದರೆಂಬುದು ಬೇರೆ ಮಾತು.

1973ರಲ್ಲಿ ಮಾಲೀಕರಿಗೆ ಇನ್ನೊಂದು ಪೆಟ್ಟು. ಬಾಡಿಗೆ ಕಾಯ್ದೆಯ ಹಂಗು ಬೇಡವೆಂದು ‘ಲೀವ್ ಅಂಡ್ ಲೈಸೆನ್ಸ್’ ಪತ್ರ ಬರೆಸಿ ಮನೆ ಕೊಟ್ಟವರಿದ್ದರು. ಆ ವರ್ಷದ ಫೆಬ್ರವರಿ 1ರಂದು ಚಾಲ್ತಿಯಲ್ಲಿರುವ ಲೈಸೆನ್ಸಿನ ಮೇಲೆ ವಾಸವಾಗಿದ್ದವರೆಲ್ಲ ಬಾಡಿಗೆದಾರರೇ ಎಂದುಬಿಟ್ಟಿತು ತಿದ್ದುಪಡಿ. ನಾಳೆ ಇನ್ನೇನು ಬರುತ್ತದೋ ಎಂದು ಖಾಲಿ ಮನೆಗೆ ಬೀಗ ಜಡಿದು ಕೂತವರು ಕಡಿಮೆಯಿಲ್ಲ.

ಗಂಟು ಸಡಿಲಗೊಂಡಿದ್ದು ಸುಪ್ರೀಂ ಕೋರ್ಟಿನಲ್ಲಿ. ಆ ಮೊಕದ್ದಮೆಯ ಹೆಸರು ‘ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರಕಾರ’; ಹೆಸರಿನಲ್ಲಿರುವ ಊರನ್ನು ಕನ್ನಡಿಗರಿಗೆ ಪರಿಚಯಿಸಬೇಕಿಲ್ಲ. 1940ರ ಬಾಡಿಗೆಯನ್ನು ಹಾಗೆಯೇ ಹಿಡಿದಿಟ್ಟಿದ್ದು ಕಾಲಾಂತರದಲ್ಲಿ ಅನ್ಯಾಯವಾಗಿ ಪರಿಣಮಿಸಿದೆ ಎಂದು 1997ರ ಡಿಸೆಂಬರಿನಲ್ಲಿ ನ್ಯಾಯಾಲಯ ಹೇಳಿತು. ಕಾಯ್ದೆಯ ಅವಧಿ 1998ರ ಮಾರ್ಚ್ 31ಕ್ಕೆ ಮುಗಿಯುವುದರಲ್ಲಿತ್ತು. ಹಾಗಾಗಿ ಅದನ್ನು ರದ್ದು ಮಾಡಲಿಲ್ಲ, ಆ ಅಂಶಗಳನ್ನು ಹಾಗೆಯೇ ಮುಂದುವರಿಸುವುದು ಸಲ್ಲದು ಎಂದು ಎಚ್ಚರಿಸಿತು.

ಹೊಸ ಕಾಯ್ದೆ ಜಾರಿಯಾದದ್ದು 2000ದ ಮಾರ್ಚ್ 31ರಂದು. ಹಳೇ ಬಾಡಿಗೆಯ ಮೇಲೆ ವರ್ಷಕ್ಕೆ ಶೇ. 4ರ ಏರಿಕೆ, ನೂರು ರೂಪಾಯಿಗೆ ನಾಲ್ಕು. ಬ್ಯಾಂಕುಗಳು, ಒಂದು ಕೋಟಿ ಅಥವಾ ಅದಕ್ಕೂ ಹೆಚ್ಚಿನ ಬಂಡವಾಳದ ಕಂಪನಿಗಳಂಥ ಬಾಡಿಗೆದಾರರಿಗೆ ರಕ್ಷಣೆ ಇಲ್ಲ. ತಮಾಷೆಯೆಂದರೆ, ಐವತ್ತು ವರ್ಷ ಅಪರಾಧವಾಗಿದ್ದ ಪಗಡಿ ಈಗ ಕಾನೂನುಬದ್ಧ.

ಹೂಡಿಕೆಗೆಂದು ಅಲ್ಲಿ ಫ್ಲ್ಯಾಟು ಕೊಳ್ಳುವ ಬೆಂಗಳೂರಿಗರು ಎಡವುವುದು ಇನ್ನೊಂದು ಕಲಮಿನಲ್ಲಿ. ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಬೇಕೆಂಬ ಕಾರಣಕ್ಕೆ ನಮ್ಮಲ್ಲಿ ಹನ್ನೊಂದು ತಿಂಗಳ ಕರಾರು ರೂಢಿ. ಮಹಾರಾಷ್ಟ್ರದಲ್ಲಿ ಆ ಹನ್ನೊಂದು ತಿಂಗಳಿನದ್ದನ್ನೂ ನೋಂದಾಯಿಸಲೇಬೇಕು, ಹೊಣೆ ಮಾಲೀಕನದು. ತಪ್ಪಿದರೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ದುಬಾರಿಯಾದದ್ದು, ಕರಾರಿನ ಷರತ್ತುಗಳ ಬಗ್ಗೆ ತಕರಾರು ಎದ್ದಾಗ ಬಾಡಿಗೆದಾರ ಹೇಳಿದ್ದೇ ನಿಜ ಎಂದು, ಬೇರೆ ಪುರಾವೆ ಸಿಗುವವರೆಗೆ, ನ್ಯಾಯಾಲಯ ಹಿಡಿಯುತ್ತದೆ.