ರಹದಾರಿಯೂ ದಾಂಪತ್ಯವೂ

೧

ಕನ್ನಡದಲ್ಲಿ ‘ರಹದಾರಿ’ ಎಂಬ ಶಬ್ದವು ಇಂದು ಪಾಸ್‌ಪೋರ್ಟ್ ಎಂಬರ್ಥದಲ್ಲಿ ಬಳಕೆಯಲ್ಲಿದೆ. ಪಾರಸಿಯಿಂದ ಬಂದ ಈ ಶಬ್ದಕ್ಕೆ ದಾರಿಯ ಕಾವಲು ಎಂಬುದೇ ಮೂಲಾರ್ಥ. ಮೊಗಲರ ಕಾಲದಲ್ಲಿ ದಾರಿಯಲ್ಲಿ ಸಾಗುವ ಸರಕಿನ ಮೇಲೆ ಎತ್ತುತ್ತಿದ್ದ ಸುಂಕಕ್ಕೂ ಇದೇ ಹೆಸರಿದ್ದಿತು. ಔರಂಗಜೇಬನು ತನ್ನ ಆಳ್ವಿಕೆಯ ಆರಂಭದಲ್ಲಿ ರದ್ದುಗೊಳಿಸಿದ ತೆರಿಗೆಗಳಲ್ಲಿ ರಹದಾರಿಯೂ ಒಂದು. ಹೀಗೆ ಮೊದಲು ಸರಕಿಗೆ ಸಂಬಂಧಿಸಿದ್ದ ಶಬ್ದವು ಕಾಲಕ್ರಮದಲ್ಲಿ ಮನುಷ್ಯನಿಗೆ ಸಂಬಂಧಿಸಿದ್ದಾಯಿತು. ಇದರ ಮುಂದಿನ ಹಂತದಲ್ಲಿ ಗಡಿಯ ಅಧಿಕಾರಿಯು ಪ್ರಯಾಣಿಕನನ್ನು ‘ನೀನಾರು’ ಎಂದು ಕೇಳುವುದರಲ್ಲಿ ತೃಪ್ತನಾಗದೆ, ‘ನಿನ್ನ ಜೊತೆಗಿರುವವರು ನಿನಗೇನಾಗಬೇಕು’ ಎಂದೂ ಕೇಳತೊಡಗಿದನು. ಈ ಎರಡನೆಯ ಪ್ರಶ್ನೆಗೆ ಕಾಯಿದೆಯು ಒಪ್ಪುವ ಉತ್ತರವಿಲ್ಲದವರ ಪಾಡೇನಾಯಿತು, ವಿಶೇಷವಾಗಿ ಭಿನ್ನ ರಾಷ್ಟ್ರಗಳಿಗೆ ಸೇರಿದ ಸಲಿಂಗ ದಂಪತಿಗಳ ಪಾಡೇನಾಗಿದೆ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಸವಣೂರನ್ನು ಆರಂಭಸ್ಥಾನವಾಗಿ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಗಡಿ, ಪ್ರಜೆ, ವಿವಾಹ ಎಂಬ ಮೂರು ಸಂಗತಿಗಳು ಒಂದನ್ನೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಈ ಚಿಕ್ಕ ಸಂಸ್ಥಾನದ ಇತಿಹಾಸವು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

೨

೧೬೮೬ರಲ್ಲಿ ವಿಜಾಪುರವು ಪತನವಾದ ಬಳಿಕ ಔರಂಗಜೇಬನ ಸೇವೆಗೆ ಸೇರಿದ ಮಿಯಾನಾ ಪಠಾಣ ಮನೆತನದ ಅಬ್ದುಲ್ ರಊಫ್ ಖಾನನಿಗೆ ಬಂಕಾಪುರ ಮೊದಲಾದ ಪ್ರದೇಶಗಳು ದೊರೆತವು. ಅವನ ವಂಶಜರೇ ಸವಣೂರಿನ ನವಾಬರು. ಹದಿನೆಂಟನೆಯ ಶತಮಾನದಲ್ಲಿ ಉತ್ತರಕ್ಕೆ ಮರಾಠರೂ ದಕ್ಷಿಣಕ್ಕೆ ಮೈಸೂರೂ ಪ್ರಬಲವಾಗಿರಲು, ಈ ಸಂಸ್ಥಾನವು ಇಬ್ಬರ ನಡುವೆ ಸಿಕ್ಕಿಕೊಂಡಿತು. ೧೭೭೯ರ ಸುಮಾರಿಗೆ ನವಾಬ ಅಬ್ದುಲ್ ಹಕೀಮ್ ಖಾನನ ಹಿರಿಯ ಮಗನು ಹೈದರಾಲಿಯ ಮಗಳನ್ನೂ, ಹೈದರನ ಮಗ ಕರೀಮನು ನವಾಬನ ಮಗಳನ್ನೂ ವರಿಸಿದರು. ಕೊಟ್ಟು ತಂದ ಈ ಸಂಬಂಧವು ಎರಡು ರಾಜ್ಯಗಳ ಗಡಿಯನ್ನು ಮೆದುವಾಗಿಸುವ ಉಪಾಯವಾಗಿದ್ದಿತು. ಆದರೆ ಮುಂದೆ ನವಾಬನು ಮರಾಠರ ಪಕ್ಷವನ್ನು ಹಿಡಿದನು. ೧೭೮೬ರಲ್ಲಿ ಟಿಪ್ಪು ಸುಲ್ತಾನನು ತುಂಗಭದ್ರೆಯನ್ನು ದಾಟಿ ಬಂದು ಸವಣೂರನ್ನು ವಶಪಡಿಸಿಕೊಂಡಾಗ ಬೀಗತನವು ಅಡ್ಡಬರಲಿಲ್ಲ. ಆಳುವವರು ವಿವಾಹವನ್ನು ಮನ್ನಿಸುವುದೂ ಅಲಕ್ಷಿಸುವುದೂ ಆಯಾ ಕಾಲದ ಪ್ರಯೋಜನವನ್ನು ಅನುಸರಿಸಿಯೇ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಆಂಗ್ಲರ ಕಾಲದಲ್ಲಿ ಸವಣೂರು ಸುಮಾರು ೭೦ ಚದರ ಮೈಲಿ ವಿಸ್ತಾರದ, ಸುತ್ತಲೂ ಧಾರವಾಡ ಜಿಲ್ಲೆಯ ನೆಲವಿದ್ದ ಪುಟ್ಟ ಸಂಸ್ಥಾನವಾಗಿ ಉಳಿಯಿತು. ಇಂಥ ಸಂಸ್ಥಾನಗಳ ಪ್ರಜೆಗಳು ಬ್ರಿಟಿಷ್ ಪ್ರಜೆಗಳಾಗಿರದೆ, ಹೊರದೇಶದಲ್ಲಿ ‘ಬ್ರಿಟಿಷ್ ರಕ್ಷಣೆಗೆ ಒಳಪಟ್ಟವರು’ ಎಂದು ಪರಿಗಣಿತರಾಗುತ್ತಿದ್ದರು. ೧೯೪೮ರ ಮಾರ್ಚ್ ತಿಂಗಳಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಲು ಈ ಭೇದವು ಅಳಿಯಿತು. ಸವಣೂರು ೧೯೫೬ರಲ್ಲಿ ಧಾರವಾಡ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೂ ೧೯೯೭ರಲ್ಲಿ ಹೊಸ ಹಾವೇರಿ ಜಿಲ್ಲೆಗೂ ಸೇರಿತು. ಊರಿದ್ದಲ್ಲೇ ಇದ್ದರೂ ಊರಿನವನ ಕಾಗದಗಳಲ್ಲಿ ಅವನ ಹೆಸರಿನ ಮುಂದಿನ ವಿಶೇಷಣಗಳು ಬದಲಾಗುತ್ತಲೇ ಬಂದವು.

೩

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಡಿಯ ಕಾಯಿದೆಯು ಕುಟುಂಬವನ್ನು ಒಂದೇ ಘಟಕವೆಂದು, ಅದೂ ಪತಿಯನ್ನು ಮುಖ್ಯನನ್ನಾಗಿಟ್ಟುಕೊಂಡ ಘಟಕವೆಂದು ಭಾವಿಸಿದ್ದಿತು. ೧೯೧೪ರ ಬ್ರಿಟಿಷ್ ರಾಷ್ಟ್ರೀಯತಾ ಕಾಯಿದೆಯ ಪ್ರಕಾರ ಬ್ರಿಟಿಷ್ ಪ್ರಜೆಯನ್ನು ವರಿಸಿದ ಪರದೇಶದ ಸ್ತ್ರೀಯು ಬ್ರಿಟಿಷ್ ಪ್ರಜೆಯಾಗುತ್ತಿದ್ದಳು. ಪರದೇಶದವನನ್ನು ವರಿಸಿದ ಬ್ರಿಟಿಷ್ ಸ್ತ್ರೀಯು ಪರಕೀಯಳಾಗುತ್ತಿದ್ದಳು. ಅಂದಿನ ಪಾಸ್‌ಪೋರ್ಟ್ ಪುಸ್ತಿಕೆಯಲ್ಲಿ ಪತ್ನಿಯ ಹೆಸರಿಗೂ ಭಾವಚಿತ್ರಕ್ಕೂ ಪತಿಯ ಪುಟದಲ್ಲಿಯೇ ಜಾಗವಿರುತ್ತಿದ್ದಿತು. ಆದಕಾರಣ ಯಾವ ವಿವಾಹವು ವಿವಾಹವೆಂಬ ಪ್ರಶ್ನೆಯು ಬಂದರಿನ ಕಟ್ಟೆಯ ಮೇಲೆಯೇ ಏಳುವಂತಾಯಿತು.

ಈ ಪ್ರಶ್ನೆಯ ಕಹಿಯನ್ನು ಭಾರತೀಯರು ತಾವೇ ಉಂಡಿದ್ದಾರೆ. ೧೯೧೩ರ ಮಾರ್ಚ್ ೧೪ರಂದು ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಸರ್ಲ್ ಎಂಬವರು, ಬಹುಪತ್ನೀತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಂತೆ ನಡೆದ ವಿವಾಹವು ವಲಸೆಯ ಕಾಯಿದೆಯ ದೃಷ್ಟಿಯಲ್ಲಿ ವಿವಾಹವಲ್ಲವೆಂದು ತೀರ್ಪಿತ್ತರು. ಭಾರತದಿಂದ ಪತಿಯ ಬಳಿಗೆ ಬಂದ ಒಬ್ಬ ಮುಸಲ್ಮಾನ ಸ್ತ್ರೀಯನ್ನು ದಡಕ್ಕಿಳಿಯಗೊಡದಿದ್ದುದೇ ಈ ವ್ಯಾಜ್ಯದ ಮೂಲ. ಈ ತರ್ಕದಂತೆ ಸವಣೂರಿನಲ್ಲಿ ಖಾಜಿಯ ಮುಂದೆ ನಡೆದ ನಿಕಾಹವಾಗಲಿ, ಪುರೋಹಿತನ ಮುಂದೆ ಅಗ್ನಿಸಾಕ್ಷಿಯಾಗಿ ನಡೆದ ಮದುವೆಯಾಗಲಿ ಅಲ್ಲಿನ ಬಂದರಿನಲ್ಲಿ ಬೆಲೆಯಿಲ್ಲದ ಮಾತಾಗುತ್ತಿದ್ದಿತು. ಧರ್ಮಪತ್ನಿಯರೆಲ್ಲ ಕಾಯಿದೆಯ ಕಣ್ಣಿಗೆ ಅಪರಿಚಿತರಾದರು. ಗಾಂಧೀಜಿಯವರ ಸತ್ಯಾಗ್ರಹಕ್ಕೆ ಸ್ತ್ರೀಯರು ಧುಮುಕಿದ್ದು ಇದರಿಂದಲೇ. ಆ ವರ್ಷದ ಸೆಪ್ಟೆಂಬರಿನಲ್ಲಿ ಕಸ್ತೂರಬಾ ಅವರು ಮೂರು ತಿಂಗಳ ಕಠಿನ ಸಜೆಯನ್ನು ಅನುಭವಿಸಲು ಹೋದರು. ೧೯೧೪ರ ಭಾರತೀಯ ಪರಿಹಾರ ಕಾಯಿದೆಯು ಒಬ್ಬನಿಗೆ ಒಬ್ಬಳೇ ಪತ್ನಿಯಿರುವ ಭಾರತೀಯ ವಿವಾಹಗಳನ್ನು ಮಾನ್ಯಮಾಡಿದ ಮೇಲೆ ಆ ಅನ್ಯಾಯವು ತಕ್ಕಮಟ್ಟಿಗೆ ನಿವಾರಣೆಯಾಯಿತು.

೪

ಸಲಿಂಗ ದಂಪತಿಗಳ ವಿಷಯದಲ್ಲಿ ಗಡಿಯ ಬಾಗಿಲು ಇನ್ನೂ ಬಿಗಿಯಾಗಿದ್ದಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೬೫ರ ತಿದ್ದುಪಡಿಯು ಸಲಿಂಗಪ್ರೇಮಿಗಳ ಪ್ರವೇಶವನ್ನೇ ನಿಷೇಧಿಸುವ ಅರ್ಥದ ಶಬ್ದಗಳನ್ನು ವಲಸೆಯ ಕಾಯಿದೆಯಲ್ಲಿ ಸೇರಿಸಿತು. ಆ ನಿಷೇಧವು ೧೯೯೦ರವರೆಗೆ ಉಳಿಯಿತು. ೧೯೭೫ರಲ್ಲಿ ಕೊಲೊರಾಡೊ ರಾಜ್ಯದ ಬೋಲ್ಡರಿನಲ್ಲಿ ಅಮೆರಿಕದ ಪ್ರಜೆ ರಿಚರ್ಡ್ ಆಡಮ್ಸ್ ಮತ್ತು ಆಸ್ಟ್ರೇಲಿಯದ ಆಂಟನಿ ಸಲಿವನ್ ಅಧಿಕೃತ ವಿವಾಹಪತ್ರವನ್ನು ಪಡೆದು, ಸಲಿವನ್ನನ ವಾಸಾನುಮತಿಗಾಗಿ ಅರ್ಜಿ ಸಲ್ಲಿಸಿದರು. ವಲಸೆ ಇಲಾಖೆಯು ಅದನ್ನು ಅವಮಾನಕರವಾದ ಮಾತುಗಳಲ್ಲಿ ತಿರಸ್ಕರಿಸಿತು. ೧೯೮೨ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಅವರ ವಿರುದ್ಧ ತೀರ್ಪಿತ್ತಿತು. ೨೦೧೨ರಲ್ಲಿ ಆಡಮ್ಸ್ ತೀರಿಕೊಂಡರು. ೨೦೧೩ರ ಜೂನ್ ೨೬ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ವಿಂಡ್ಸರ್ ಪ್ರಕರಣದಲ್ಲಿ ಸಲಿಂಗ ವಿವಾಹವನ್ನು ಕೇಂದ್ರ ಸರ್ಕಾರವು ಅಲಕ್ಷಿಸಲಾಗದೆಂದು ಹೇಳಿದ ಬಳಿಕ ಹಳೆಯ ಅರ್ಜಿಗೆ ಮತ್ತೆ ಜೀವ ಬಂದಿತು. ೨೦೧೬ರಲ್ಲಿ ಸಲಿವನ್‌ಗೆ ಖಾಯಂ ವಾಸದ ಅನುಮತಿ ದೊರೆಯಿತು. ಆದರೆ ಮೃತನ ಸಂಗಾತಿ ಎಂಬ ನೆಲೆಯಲ್ಲಿ. ಒಂದು ಅರ್ಜಿಯು ೪೧ ವರ್ಷ ಕಾಯಿತು. ಅರ್ಜಿದಾರರಲ್ಲೊಬ್ಬನು ಅಷ್ಟು ಕಾಲ ಬದುಕಲಿಲ್ಲ.

ಇಂಥ ವಿಳಂಬಕ್ಕೆ ಕಚೇರಿಯ ಆಲಸ್ಯವೊಂದೇ ಕಾರಣವೆಂದು ತಿಳಿಯುವುದು ಸರಿಯಲ್ಲ. ಅರ್ಜಿಯನ್ನು ಇಡಲು ತಕ್ಕ ಖಾನೆಯೇ ಇಲ್ಲದಿದ್ದರೆ ಅದು ಮೇಜಿನಿಂದ ಮೇಜಿಗೆ ಅಲೆಯುವುದು ಸಹಜ. ಇಂಗ್ಲೆಂಡಿನಲ್ಲಿ ೧೯೯೭ರ ಅಕ್ಟೋಬರಿನಲ್ಲಿ ವಿವಾಹಕ್ಕೆ ಕಾನೂನಿನ ಅಡ್ಡಿಯಿರುವ ಸಂಗಾತಿಗಳಿಗೂ ಪ್ರವೇಶವನ್ನು ಕೊಡುವ ರಿಯಾಯಿತಿಯು ಬಂದಿತು. ಆದರೆ ಅವರು ನಾಲ್ಕು ವರ್ಷ ಒಟ್ಟಿಗೆ ಬಾಳಿರಬೇಕೆಂಬ ನಿಬಂಧನೆಯಿದ್ದಿತು. ಒಂದೇ ದೇಶದಲ್ಲಿರಲು ಅನುಮತಿಯಿಲ್ಲದವರು ಒಟ್ಟಿಗೆ ಬಾಳಿದ್ದಕ್ಕೆ ಪುರಾವೆಯನ್ನು ಎಲ್ಲಿಂದ ತರಬೇಕು? ೧೯೯೯ರಲ್ಲಿ ಈ ಅವಧಿಯನ್ನು ಎರಡು ವರ್ಷಕ್ಕೆ ಇಳಿಸಿದರೂ ತೊಡಕಿನ ಸ್ವರೂಪವು ಬದಲಾಗಲಿಲ್ಲ.

ದಕ್ಷಿಣ ಆಫ್ರಿಕದ ಉದಾಹರಣೆಯು ಇನ್ನೂ ಬೋಧಪ್ರದ. ಭಾರತೀಯ ಪತ್ನಿಯರಿಗೆ ೧೯೧೩ರಲ್ಲಿ ಬಾಗಿಲು ಮುಚ್ಚಿದ ಆ ದೇಶದಲ್ಲಿಯೇ, ೧೯೯೯ರ ಡಿಸೆಂಬರ್ ೨ರಂದು ಸಂವಿಧಾನ ನ್ಯಾಯಾಲಯವು ಪರಕೀಯರ ಕಾಯಿದೆಯಲ್ಲಿನ ‘ಸಂಗಾತಿ’ ಎಂಬ ಶಬ್ದದ ಮುಂದೆ ಸಲಿಂಗ ಜೀವನಸಂಗಾತಿಯನ್ನೂ ಸೇರಿಸಿ ಓದಬೇಕೆಂದು ವಿಧಿಸಿತು. ಅಲ್ಲಿ ಸಲಿಂಗ ವಿವಾಹವು ಶಾಸನಬದ್ಧವಾದದ್ದು ೨೦೦೬ರಲ್ಲಿ. ಅಂತೆಯೇ ಇಂಗ್ಲೆಂಡಿನ ರಿಯಾಯಿತಿಯು ಅಲ್ಲಿನ ವಿವಾಹ ಕಾಯಿದೆಗಿಂತ ಹದಿನೈದು ವರ್ಷಗಳಿಗೂ ಹಿಂದಿನದು. ೨೦೧೮ರಲ್ಲಿ ಹಾಂಗ್‌ಕಾಂಗಿನ ಅಂತಿಮ ಮೇಲ್ಮನವಿ ನ್ಯಾಯಾಲಯವು ತನ್ನ ನೆಲದ ವಿವಾಹಶಾಸನವನ್ನು ಮುಟ್ಟದೆಯೇ ಅವಲಂಬಿತರ ವೀಸಾವನ್ನು ಸಲಿಂಗ ಸಂಗಾತಿಗೆ ಕೊಡತಕ್ಕದ್ದೆಂದಿತು. ನೆರೆಯ ನೇಪಾಳದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ೨೦೧೭ರಲ್ಲಿ ನೇಪಾಳಿ ಪ್ರಜೆಯ ಪರದೇಶೀಯ ಸಲಿಂಗ ಸಂಗಾತಿಗೆ ಪ್ರವಾಸೇತರ ವೀಸಾವನ್ನು ನಿರಾಕರಿಸಲಾಗದೆಂದು ತೀರ್ಪಿತ್ತಿತು. ಗಡಿಯಲ್ಲಿ ಕೊಡುವ ಮಾನ್ಯತೆಯು ವಿವಾಹಶಾಸನದ ಮಾನ್ಯತೆಗಾಗಿ ಕಾಯಬೇಕಾಗಿಲ್ಲ ಎಂಬ ಮುಖ್ಯ ಸಂಗತಿಯು ಇವೆಲ್ಲವುಗಳಿಂದ ಸಿದ್ಧವಾಗುತ್ತದೆ.

೫

ಇನ್ನು ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ೧೮೬೨ರ ಜನವರಿ ೧ರಿಂದ ಜಾರಿಗೆ ಬಂದ ಭಾರತ ದಂಡಸಂಹಿತೆಯ ೩೭೭ನೆಯ ಕಲಮು ಸಲಿಂಗ ಸಂಬಂಧವನ್ನು ಅಪರಾಧದ ಸಾಲಿಗೆ ಸೇರಿಸಿದ್ದಿತು. ೨೦೧೮ರ ಸೆಪ್ಟೆಂಬರ್ ೬ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಂಬಂಧವನ್ನು ಆ ಕಲಮಿನಿಂದ ಹೊರಗಿಟ್ಟಿತು. ಅಪರಾಧವಲ್ಲವೆನಿಸಿಕೊಂಡದ್ದು ಸಂಬಂಧವೆಂದೂ ಎನಿಸಿಕೊಳ್ಳುವುದೇ ಎಂಬುದು ಆ ಬಳಿಕದ ಪ್ರಶ್ನೆ.

ಪೌರತ್ವ ಕಾಯಿದೆಯ ೭-ಎ ಕಲಮಿನ ಪ್ರಕಾರ ಭಾರತದ ಪ್ರಜೆಯ ಅಥವಾ ಸಾಗರೋತ್ತರ ಭಾರತೀಯ ಪೌರನೆಂಬ ಚೀಟಿಯುಳ್ಳವನ ಪರದೇಶೀಯ ಸಂಗಾತಿಯು, ವಿವಾಹವು ನೋಂದಣಿಯಾಗಿ ಎರಡು ವರ್ಷ ಎಡೆಬಿಡದೆ ಮುಂದುವರಿದಿದ್ದರೆ, ಅದೇ ಚೀಟಿಗೆ ಅರ್ಹಳಾಗುವಳು ಅಥವಾ ಅರ್ಹನಾಗುವನು. ಕಲಮಿನಲ್ಲಿರುವುದು ಸಂಗಾತಿ ಎಂಬ ಶಬ್ದ. ಸ್ತ್ರೀಪುರುಷ ಭೇದವನ್ನು ಅದು ಹೇಳುವುದಿಲ್ಲ. ಇದನ್ನೇ ಆಧಾರವಾಗಿಟ್ಟುಕೊಂಡು, ೨೦೧೨ರಲ್ಲಿ ನ್ಯೂಯಾರ್ಕಿನಲ್ಲಿ ವಿವಾಹವಾದ ದಂಪತಿಗಳು ೨೦೨೧ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಸಂಗಾತಿಯೆಂದರೆ ಪತಿ ಅಥವಾ ಪತ್ನಿ, ವಿವಾಹವೆಂದರೆ ಸ್ತ್ರೀಪುರುಷರದು ಎಂಬುದು ಕೇಂದ್ರ ಸರ್ಕಾರದ ವಾದವಾಗಿದ್ದಿತು. ೨೦೨೩ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಲಿಂಗ ವಿವಾಹದ ಕುರಿತು ದೇಶದ ಉಚ್ಚ ನ್ಯಾಯಾಲಯಗಳಲ್ಲಿದ್ದ ಅರ್ಜಿಗಳನ್ನು ತನ್ನ ಬಳಿಗೆ ವರ್ಗಾಯಿಸಿಕೊಂಡಿತು. ಐವರು ನ್ಯಾಯಮೂರ್ತಿಗಳ ಪೀಠವು ಅದೇ ವರ್ಷದ ಅಕ್ಟೋಬರ್ ೧೭ರಂದು, ವಿವಾಹವಾಗುವುದು ಮೂಲಭೂತ ಹಕ್ಕಲ್ಲವೆಂದು ಏಕಮತದಿಂದ ಹೇಳಿತು. ಸಲಿಂಗ ಜೋಡಿಗಳ ಸಹಬಾಳ್ವೆಗೆ ಕಾನೂನಿನ ಮಾನ್ಯತೆಯನ್ನು ಮೂವರು ನಿರಾಕರಿಸಿದರು, ಇಬ್ಬರು ಕೊಡಬೇಕೆಂದರು. ಮರುಪರಿಶೀಲನೆಯ ಅರ್ಜಿಗಳು ೨೦೨೫ರ ಜನವರಿಯಲ್ಲಿ ವಜಾ ಆದವು. ತೀರ್ಪಿಗೆ ಅನುಸಾರವಾಗಿ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯ ಸಮಿತಿಯು ೨೦೨೪ರಲ್ಲಿ ರಚಿತವಾಯಿತು. ಅದೇ ವರ್ಷ ಪಡಿತರ ಚೀಟಿ, ಬ್ಯಾಂಕಿನ ಜಂಟಿ ಖಾತೆಗಳ ವಿಷಯದಲ್ಲಿ ಅನುಕೂಲ ಸೂಚನೆಗಳು ಹೊರಟವು. ಒಂದೇ ಪಡಿತರ ಚೀಟಿಯಲ್ಲಿ ಇಬ್ಬರ ಹೆಸರು ಬರಬಹುದಾದರೆ, ಅವರ ನಡುವಿನ ಸಂಬಂಧವನ್ನು ಸರ್ಕಾರವು ಕಂಡಿದೆ ಎಂದೇ ಅರ್ಥ.

ಈ ಪ್ರಶ್ನೆಯು ಕೇವಲ ನ್ಯಾಯಶಾಸ್ತ್ರದ ಚರ್ಚೆಯಲ್ಲ ಎಂಬುದನ್ನು ೨೦೨೦ರ ಮಹಾಮಾರಿಯು ತೋರಿಸಿಕೊಟ್ಟಿತು. ಆ ಮಾರ್ಚ್ ತಿಂಗಳಲ್ಲಿ ಪ್ರವಾಸಿ ವೀಸಾಗಳೆಲ್ಲ ಸ್ಥಗಿತವಾದವು. ಮೇ ತಿಂಗಳಲ್ಲಿ ಗೃಹ ಸಚಿವಾಲಯವು ಕೊಟ್ಟ ಸಡಿಲಿಕೆಯಲ್ಲಿ, ದಂಪತಿಗಳಲ್ಲಿ ಒಬ್ಬರು ಸಾಗರೋತ್ತರ ಪೌರರ ಚೀಟಿಯುಳ್ಳವರೂ ಇನ್ನೊಬ್ಬರು ಭಾರತೀಯರೂ ಆಗಿ ಇಲ್ಲಿಯೇ ಮನೆಯುಳ್ಳವರಾಗಿದ್ದರೆ ಬರಬಹುದೆಂದಿದ್ದಿತು. ಸಂಗಾತಿಯೆಂಬ ಮಾನ್ಯತೆಯಿಲ್ಲದೆ ಪ್ರವಾಸಿಯಾಗಿಯೇ ಬಂದುಹೋಗಬೇಕಾದ ಪರದೇಶೀಯನು ಎಷ್ಟು ವರ್ಷದ ಜೊತೆಗಾರನಾಗಿದ್ದರೂ ಪ್ರವಾಸಿಯಾಗಿಯೇ ಎಣಿಸಲ್ಪಟ್ಟನು.

೬

ಹಾವೇರಿ ಜಿಲ್ಲೆಯ ಮಕ್ಕಳು ಇಂದು ವಿದ್ಯೆ ಉದ್ಯೋಗಗಳಿಗಾಗಿ ಸಮುದ್ರವನ್ನು ದಾಟುವುದು ಅಪರೂಪವಲ್ಲ. ಕನ್ನಡದ ಬದುಕಿನಲ್ಲಿ ಈ ವಿಷಯವು ಅಪರಿಚಿತವೂ ಅಲ್ಲ: ಬೆಂಗಳೂರಿನಲ್ಲಿ ೨೦೦೮ರಿಂದ ಲೈಂಗಿಕ ಅಲ್ಪಸಂಖ್ಯಾತರ ಸ್ವಾಭಿಮಾನದ ಮೆರವಣಿಗೆಗಳು ನಡೆದಿವೆ, ೨೦೧೩ರಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವು ಪ್ರಕಟವಾಯಿತು. ಸವಣೂರಿನಲ್ಲಿ ಹುಟ್ಟಿ ಟೊರಾಂಟೊದಲ್ಲಿ ನೆಲಸಿ, ಅಲ್ಲಿನ ಕಾಯಿದೆಯಂತೆ ವಿವಾಹವಾದ ಒಬ್ಬನನ್ನು ಊಹಿಸಿಕೊಳ್ಳೋಣ. ವೃದ್ಧರಾದ ತಂದೆತಾಯಿಗಳನ್ನು ನೋಡಿಕೊಳ್ಳಲು ಅವನು ಊರಿಗೆ ಮರಳಬೇಕಾದರೆ ಅವನ ಸಂಗಾತಿಯು ಯಾವ ಹೆಸರಿನಲ್ಲಿ ಬರಬೇಕು? ಪ್ರವಾಸಿಯ ಹೆಸರಿನಲ್ಲಿ ಬಂದರೆ ದಿನಗಳ ಎಣಿಕೆ. ಉದ್ಯೋಗಿಯ ಹೆಸರಿನಲ್ಲಿ ಬಂದರೆ ಉದ್ಯೋಗವಿರುವ ತನಕ. ಅನ್ಯಥಾ, ತಂದೆತಾಯಿಗಳು ಒಂದು ಕಡೆಗೆ, ಸಂಗಾತಿಯು ಇನ್ನೊಂದು ಕಡೆಗೆ ಎಂದು ಅವನು ಆರಿಸಿಕೊಳ್ಳಬೇಕಾಗುತ್ತದೆ.

೧೯೧೩ರ ಪ್ರಕರಣಕ್ಕೂ ಇಂದಿನದಕ್ಕೂ ಭೇದವಿಲ್ಲದಿಲ್ಲ. ಅಂದು ತಕರಾರು ಇದ್ದದ್ದು ವಿವಾಹದ ವಿಧಿಯ ಬಗೆಗೆ. ಇಂದು ಇರುವುದು ವಿವಾಹವಾಗುವವರ ಬಗೆಗೆ. ಅಂದಿನ ವಿವಾಹಗಳಿಗೆ ತವರುದೇಶದ ಮಾನ್ಯತೆಯಿದ್ದಿತು. ಇಂದಿನವಕ್ಕೆ ಇಲ್ಲಿ ಅದಿಲ್ಲ. ವಿವಾಹದ ಸ್ವರೂಪವನ್ನು ನಿರ್ಧರಿಸುವುದು ಶಾಸಕಾಂಗದ ಕೆಲಸವೆಂಬ ವಾದಕ್ಕೂ ತೂಕವಿದೆ. ಆದರೆ ಗಡಿಯಲ್ಲಿ ಏಳುವ ಪ್ರಶ್ನೆಯು ಅದಕ್ಕಿಂತ ಚಿಕ್ಕದು. ಬೇರೊಂದು ದೇಶದಲ್ಲಿ ಕಾಯಿದೆಬದ್ಧವಾಗಿ ಜೊತೆಗೂಡಿದವರನ್ನು ಜೊತೆಯಲ್ಲಿಯೇ ಒಳಗೆ ಬರಗೊಡಬಹುದೇ ಎಂಬಷ್ಟೇ ಅದರ ವ್ಯಾಪ್ತಿ. ೨೦೨೫ರ ಸೆಪ್ಟೆಂಬರ್ ೧ರಿಂದ ೧೯೨೦, ೧೯೩೯, ೧೯೪೬ರ ಹಳೆಯ ಕಾಯಿದೆಗಳ ಸ್ಥಾನದಲ್ಲಿ ವಲಸೆ ಮತ್ತು ವಿದೇಶೀಯರ ಹೊಸ ಕಾಯಿದೆಯು ಜಾರಿಗೆ ಬಂದಿರುವುದರಿಂದ, ವೀಸಾದ ವರ್ಗಗಳನ್ನು ಪುನಃ ವಿಚಾರಿಸಲು ಇದು ತಕ್ಕ ಕಾಲವೂ ಆಗಿದೆ.

ರಾಜವಂಶಗಳ ವಿವಾಹಸಂಬಂಧಗಳನ್ನು ನಮ್ಮ ಇತಿಹಾಸಕಾರರು ತೇದಿ ಸಹಿತವಾಗಿ ಬರೆದಿಟ್ಟಿದ್ದಾರೆ. ಸಾಮಾನ್ಯರು ಗಡಿಯಲ್ಲಿ ಕಾದ ದಿನಗಳನ್ನು ಎಣಿಸಿದವರು ವಿರಳ. ಅರ್ಜಿ ಸಲ್ಲಿಸಿದ ದಿನ, ತಿರಸ್ಕಾರದ ಪತ್ರ ಬಂದ ದಿನ, ಅನುಮತಿ ಬಂದ ದಿನ, ಇವೂ ಇತಿಹಾಸದ ಆಧಾರಗಳೇ. ಅವುಗಳನ್ನು ಸಂಗ್ರಹಿಸಿಡುವ ಕಾರ್ಯವನ್ನು ಕನ್ನಡ ನಾಡಿನ ಸಂಶೋಧಕರು ಕೈಗೊಂಡರೆ, ದಾರಿಯ ಕಾವಲಿಗಾಗಿ ಹುಟ್ಟಿದ ರಹದಾರಿಯು ಯಾರಿಗೆ ದಾರಿಯಾಯಿತು, ಯಾರಿಗೆ ಬರಿಯ ಕಾವಲಾಗಿಯೇ ಉಳಿಯಿತು ಎಂಬುದು ಸಪ್ರಮಾಣವಾಗಿ ತಿಳಿದುಬರುವುದು.